ಎಷ್ಟು ಜಿಬಿ ಬೇಕಾದೀತು?

ವಿದೇಶದ ಯಾವ ಊರಿಗೆ ಹೋಗುವುದು ಅನ್ನೋದು ಬೇಗ ತೀರ್ಮಾನವಾಗುತ್ತದೆ. ಟಿಕೆಟ್, ವೀಸಾ, ಹೋಟೆಲ್ ಕೂಡ ಹೇಗೋ ಆಗಿಹೋಗುತ್ತವೆ. ಕೊನೆಗೆ ಉಳಿಯುವುದು ಇ-ಸಿಮ್, ಅಂದರೆ ಅಲ್ಲಿ ಫೋನಿಗೆ ಇಂಟರ್ನೆಟ್ ಕೊಡುವ, ಕೈಗೆ ಸಿಗದ ಸಿಮ್. ಇಡೀ ಪ್ರವಾಸದ ಖರ್ಚಿನಲ್ಲಿ ಅದರ ಪಾಲು ತೀರಾ ಚಿಕ್ಕದು. ಆದರೆ ತಲೆ ಜಾಸ್ತಿ ತಿನ್ನುವುದೂ ಅದೇ. ಹೋಟೆಲ್ ಕೋಣೆಗೆ ಕಿಟಕಿ ಇದೆಯೋ ಇಲ್ಲವೋ ಅಂತಲೂ ನೋಡದೆ ದುಡ್ಡು ಕಟ್ಟಿದವರು, 3 ಜಿಬಿಯೋ 5 ಜಿಬಿಯೋ ಅಂತ ಮಧ್ಯರಾತ್ರಿಯವರೆಗೆ ಕೂತಿರುತ್ತಾರೆ.

ಕಾರಣ ಇದೆ ಅನ್ನಿ. ಹೋಟೆಲ್ ಹೇಗಿರುತ್ತದೆ ಅಂತ ಊಹಿಸಲು ಫೋಟೋಗಳಿವೆ. ನಾವು ದಿನಕ್ಕೆ ಎಷ್ಟು ಡೇಟಾ ಉಡಾಯಿಸುತ್ತೇವೆ ಅನ್ನೋದಕ್ಕೆ ಫೋಟೋ ಎಲ್ಲಿಂದ ತರುವುದು? ಅದು ಗೊತ್ತಾಗಬೇಕಾದರೆ ನಮ್ಮ ಬಗ್ಗೆ ನಾವೇ ಸ್ವಲ್ಪ ನಿಜ ಒಪ್ಪಿಕೊಳ್ಳಬೇಕು. ಮ್ಯೂಸಿಯಂ ಮುಂದೆ ಸಾಲಿನಲ್ಲಿ ನಿಂತಾಗ ಸುತ್ತಲಿನ ಕಟ್ಟಡ ನೋಡುತ್ತೀರೋ, ರೀಲ್ಸ್ ನೋಡುತ್ತೀರೋ? ಪ್ಲಾನ್ ಆರಿಸುವ ಹೊತ್ತಿಗೆ ಎಲ್ಲರೂ ಕಟ್ಟಡ ನೋಡುವವರೇ. 1 ಜಿಬಿ ಸಾಕು ಅನ್ನಿಸುತ್ತದೆ. ಅಷ್ಟರಲ್ಲಿ ಭಯ ಶುರು. ರಾತ್ರಿ ಹೊತ್ತು ದಾರಿ ತಪ್ಪಿದರೆ? ಟಿಕೆಟ್ ಇರುವ ಇಮೇಲ್ ತೆರೆಯದಿದ್ದರೆ? ಕಟ್ಟಡ ನೋಡುವವರು ಸುಮ್ನೆ 20 ಜಿಬಿಗೆ ಹೋಗಿ ನಿಲ್ಲುತ್ತಾರೆ.

ಮೊದಲು ಇಷ್ಟೆಲ್ಲ ಇರಲಿಲ್ಲ. ವಿಮಾನ ಇಳಿಯುವುದು, ಕೌಂಟರಿನವರು ಕೊಟ್ಟ ಸಿಮ್ ಹಾಕಿಕೊಳ್ಳುವುದು, ಹೊರಡುವುದು. 1991ರಲ್ಲಿ ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಮೊದಲ ಸಿಮ್‌ಗಳನ್ನು ಮಾಡಿ ಫಿನ್ಲೆಂಡಿನ ಮೊಬೈಲ್ ಕಂಪನಿ ರೇಡಿಯೋಲಿನ್ಯಾಗೆ ಮಾರಿದಾಗ ಅವು ಕ್ರೆಡಿಟ್ ಕಾರ್ಡಿನ ಅಳತೆಯಲ್ಲಿದ್ದವು. ಆಮೇಲೆ ಕುಗ್ಗುತ್ತಾ ಕುಗ್ಗುತ್ತಾ 2012ರ ಹೊತ್ತಿಗೆ ನ್ಯಾನೋ ಸಿಮ್ ಆಗಿ, 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲಕ್ಕೆ ಇಳಿದವು. ವಿಮಾನದ ಸೀಟಿನಲ್ಲಿ ಕೂತು ಪಿನ್ ಚುಚ್ಚಿ ಸಿಮ್ ಬದಲಾಯಿಸಿದವರಿಗೆ ಗೊತ್ತು, ಆ ಅಳತೆಯ ವಸ್ತು ಸೀಟಿನ ಸಂದಿಗೆ ಬಿದ್ದರೆ ಅದು ವಿಮಾನದವರಿಗೇ ಸೇರಿದ್ದು. 2017ರಲ್ಲಿ ಗೂಗಲ್‌ನ ಪಿಕ್ಸೆಲ್ 2 ಫೋನು, ಮರುವರ್ಷ ಐಫೋನ್ ಎಕ್ಸ್‌ಎಸ್ ಇ-ಸಿಮ್ ಜೊತೆ ಬಂದವು. 2022ರಲ್ಲಿ ಅಮೆರಿಕದಲ್ಲಿ ಮಾರಿದ ಐಫೋನ್ 14ಕ್ಕೆ ಸಿಮ್ ಹಾಕುವ ಜಾಗವೇ ಇರಲಿಲ್ಲ. ಈಗ ಚಿಪ್ ಫೋನಿನೊಳಗೇ ಬೆಸೆದಿರುತ್ತದೆ. ಕಂಪನಿಯ ವಿವರ ಇಂಟರ್ನೆಟ್‌ನಲ್ಲಿ ಬಂದು ಅದರಲ್ಲಿ ಕೂರುತ್ತದೆ. ಪಿನ್ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ.

ಆದರೆ ಒಂದು ತಮಾಷೆ ನೋಡಿ. ದುಡ್ಡು ಕಟ್ಟಿದ ಮೇಲೆ ಇಮೇಲ್‌ನಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ ಅನ್ನುತ್ತಾರೆ. ಕೋಡ್ ಇರುವುದು ಅದೇ ಫೋನಿನಲ್ಲಿ! ಕನ್ನಡಿ ಹಿಡಿದು ಪ್ರಯತ್ನಿಸಿದ ಒಬ್ಬರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಅವರು ಎಂಜಿನಿಯರ್. ಹೆಂಡತಿಯ ಫೋನಿಗೋ ಗಂಡನ ಫೋನಿಗೋ ಕಳಿಸಿ, ಅವರು ಅದನ್ನು ಹಿಡಿದು ನಿಲ್ಲಬೇಕು. ಅವರ ಕೈ ಅಲ್ಲಾಡಿದರೆ ಅದೂ ಒಂದು ಮಾತು. ಐಫೋನ್‌ನಲ್ಲಿ ಐಒಎಸ್ ತಂತ್ರಾಂಶದ 17.4 ಆವೃತ್ತಿಯಿಂದ ಕೋಡ್ ಮೇಲೆ ಬೆರಳು ಒತ್ತಿ ಹಿಡಿದರೂ ಸಾಕು. ಕೆಲವು ಕಂಪನಿಗಳು ತಮ್ಮ ಆ್ಯಪ್‌ನಿಂದಲೇ ನೇರವಾಗಿ ಹಾಕಿಕೊಡುತ್ತವೆ. ಹೇಗೇ ಆಗಲಿ, ಈ ಕೆಲಸ ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಆಗಬೇಕು. ಇಂಟರ್ನೆಟ್ ತರಿಸಿಕೊಳ್ಳಲು ಇಂಟರ್ನೆಟ್ ಬೇಕಲ್ಲ. 2025ರ ಜುಲೈನಲ್ಲಿ ಟರ್ಕಿ ಹಲವು ಇ-ಸಿಮ್ ಮಾರಾಟಗಾರರ ವೆಬ್‌ಸೈಟುಗಳನ್ನೇ ತಡೆಹಿಡಿಯಿತು. ಇಸ್ತಾಂಬುಲ್‌ನಲ್ಲಿ ಇಳಿದ ಮೇಲೆ ಕೊಂಡರಾಯಿತು ಅಂದುಕೊಂಡವರ ಗತಿ ಯೋಚಿಸಿ. ಇನ್ನೊಂದು ವಿಷಯ, ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಏನೋ ಸರಿಯಿಲ್ಲ ಅಂತ ಇ-ಸಿಮ್ ಅಳಿಸಿದರೆ ಅದನ್ನೇ ಮತ್ತೆ ಸ್ಕ್ಯಾನ್ ಮಾಡಲು ಹೆಚ್ಚಾಗಿ ಆಗುವುದಿಲ್ಲ. ಕೊಳ್ಳುವ ಮೊದಲೇ ಫೋನಿನಲ್ಲಿ *#06# ಒತ್ತಿ ನೋಡಿ. ಇಐಡಿ ಅಂತ 32 ಅಂಕಿ ಕಾಣಿಸಿದರೆ ಫೋನು ಇ-ಸಿಮ್ ಒಪ್ಪುತ್ತದೆ. ಫೋನು ಒಂದೇ ಕಂಪನಿಗೆ ಲಾಕ್ ಆಗಿರಬಾರದು, ಅಷ್ಟೇ.

ಇನ್ನು ಜಿಬಿ ಲೆಕ್ಕಕ್ಕೆ ಬರೋಣ. ಊರು ಸುತ್ತುವವರಿಗೆ ಮ್ಯಾಪ್ ಬೇಕು ಅಂತ ದೊಡ್ಡ ಪ್ಲಾನ್ ತಗೊಳ್ಳುತ್ತಾರೆ. ಮ್ಯಾಪ್ ಪಾಪ, ಅಷ್ಟೇನೂ ತಿನ್ನುವುದಿಲ್ಲ. ಮೆಸೇಜೂ ಅಷ್ಟೇ. ಊರಿನ ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಅದರ ಖರ್ಚು ಇನ್ನೂ ಕಡಿಮೆ. ತಿನ್ನುವುದು ವಿಡಿಯೋ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿವರೆಗೆ ಹೋಗಬಹುದು. ಅದಕ್ಕಿಂತ ಕಳ್ಳ ಇನ್ನೊಬ್ಬನಿದ್ದಾನೆ, ಫೋಟೋ ಬ್ಯಾಕಪ್. ಐಫೋನ್‌ನಲ್ಲಿ 4ಕೆ ವಿಡಿಯೋ ನಿಮಿಷಕ್ಕೆ ಸುಮಾರು 170 ಎಂಬಿ. ಗಡಿಯಾರ ಗೋಪುರ ಗಂಟೆ ಬಾರಿಸುವುದನ್ನು ಆರು ನಿಮಿಷ ತೆಗೆದರೆ 1 ಜಿಬಿ. ನೀವು ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಫೋನು ಅದನ್ನು ಸದ್ದಿಲ್ಲದೆ ಮೋಡಕ್ಕೇರಿಸುತ್ತದೆ. ಬ್ಯಾಕಪ್ಪು, ಆ್ಯಪ್‌ಗಳ ಅಪ್‌ಡೇಟು ಎರಡನ್ನೂ ವೈಫೈ ಇದ್ದಾಗ ಮಾತ್ರ ಅಂತ ಕಟ್ಟಿಹಾಕಿದರೆ, ವಾರದ ನಗರ ಪ್ರವಾಸಕ್ಕೆ 3 ಜಿಬಿ ಬಹಳ ಜನರಿಗೆ ಧಾರಾಳ. ಇದು ನನ್ನ ಅಭಿಪ್ರಾಯ. ಮನೆಯವರಿಗೆ ಚೌಕದ ಮಧ್ಯೆ ನಿಂತು ವಿಡಿಯೋ ಕಾಲ್ ಮಾಡಿ ಇಡೀ ಊರು ತೋರಿಸುವವರು ಒಪ್ಪಬೇಕಾಗಿಲ್ಲ.

ಹಾಗಾದರೆ ಅನ್‌ಲಿಮಿಟೆಡ್ ತಗೊಂಡರಾಯಿತಲ್ಲ ಅನ್ನಬಹುದು. ತಗೊಳ್ಳಿ. ಆದರೆ ಕೆಳಗೆ ಸಣ್ಣಕ್ಷರ ಇರುತ್ತದೆ. ಬಹಳಷ್ಟು ಪ್ಲಾನ್‌ಗಳಲ್ಲಿ ದಿನಕ್ಕೆ 1 ಜಿಬಿಯೋ 2 ಜಿಬಿಯೋ ಆದ ಮೇಲೆ ವೇಗ 512 ಕೆಬಿಪಿಎಸ್‌ಗೋ 1 ಎಂಬಿಪಿಎಸ್‌ಗೋ ಇಳಿಯುತ್ತದೆ. ಡೇಟಾ ನಿಲ್ಲುವುದಿಲ್ಲ, ನಿಜ. ಮೆಸೇಜ್ ಹೋಗುತ್ತದೆ. ಯಾವ ಬಸ್ ಹತ್ತಬೇಕು ಅಂತ ಪೂರ್ತಿ ಕಾಣಿಸುವ ಹೊತ್ತಿಗೆ ಆ ಬಸ್ ಹೋಗಿರುತ್ತದೆ. ಕೆಲವು ಕಡೆ ಹಾಟ್‌ಸ್ಪಾಟ್‌ಗೂ ಬೇರೆಯೇ ಮಿತಿ.

ದಿನದ ಲೆಕ್ಕ ಇನ್ನೂ ಚೆನ್ನಾಗಿದೆ. ಕೆಲವು ಪ್ಲಾನ್‌ಗೆ ಇ-ಸಿಮ್ ಹಾಕಿದ ಗಳಿಗೆಯಿಂದ ದಿನ ಎಣಿಕೆ. ಕೆಲವಕ್ಕೆ ಅಲ್ಲಿನ ನೆಟ್‌ವರ್ಕ್ ಹಿಡಿದಾಗಿನಿಂದ. ಕೆಲವರಿಗೆ 24 ಗಂಟೆ ಒಂದು ದಿನ, ಕೆಲವರಿಗೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಮಧ್ಯರಾತ್ರಿಗೆ ದಿನ ಬದಲು. ಯುಟಿಸಿ ಮಧ್ಯರಾತ್ರಿ ಅಂದರೆ ಟೋಕಿಯೋದಲ್ಲಿ ಬೆಳಗ್ಗೆ 9 ಗಂಟೆ. ಅಲ್ಲಿ ಬೆಳಗ್ಗೆ 8ಕ್ಕೆ ಇಳಿದವರ ಮೊದಲ ದಿನ ಲಗೇಜು ಬರುವ ಮುಂಚೆಯೇ ಮುಗಿಯಬಹುದು.

ಒಂದೇ ಊರಿಗೆ ಹೋಗುವಾಗ ಒಂದೇ ದೇಶದ ಪ್ಲಾನ್ ಸಾಕು ಅನ್ನಿಸುತ್ತದೆ. ಸಾಮಾನ್ಯವಾಗಿ ಸಾಕು ಕೂಡ. ಆದರೆ ಜಿನೀವಾದಂಥ ಊರುಗಳಿವೆ. ಮೂರು ಕಡೆಯೂ ಫ್ರಾನ್ಸ್. ಸರೋವರದ ದಂಡೆಯಲ್ಲಿ ಸ್ವಲ್ಪ ನಡೆದರೆ ಫೋನು ಫ್ರಾನ್ಸಿನ ಟವರ್ ಹಿಡಿದರೂ ಹಿಡಿದೀತು. ಯುರೋಪ್ ಒಕ್ಕೂಟದವರಿಗೆ ತಮ್ಮೊಳಗೆ ರೋಮಿಂಗ್ ಶುಲ್ಕ 2017ರ ಜೂನ್ 15ರಂದೇ ಹೋಯಿತು. ಸ್ವಿಟ್ಜರ್ಲೆಂಡ್ ಆ ಲೆಕ್ಕದಲ್ಲಿಲ್ಲ. ಅದಕ್ಕೇ ಯುರೋಪ್ ಪ್ಲಾನ್ ಅಂತ ಕಂಡ ಕೂಡಲೇ ದೇಶಗಳ ಪಟ್ಟಿ ತೆರೆದು ಅದು ಇದೆಯೋ ಅಂತ ನೋಡುವುದು ಒಳ್ಳೆಯದು. ಸಿಂಗಾಪುರದ ಉತ್ತರ ತುದಿಯ ವುಡ್‌ಲ್ಯಾಂಡ್ಸ್‌ನಲ್ಲಿ ನಿಂತರೂ ಹಾಗೆಯೇ. ನೀರಿನ ಆಚೆ ದಡದ ಜೋಹೋರ್ ಬಾರುನಿಂದ ಮಲೇಷ್ಯಾ ಸ್ವಾಗತ ಕೋರುವುದುಂಟು.

ಈ ಇ-ಸಿಮ್‌ಗಳಲ್ಲಿ ಬಹಳಷ್ಟು ಮೂರನೆಯ ದೇಶವೊಂದರ ಕಂಪನಿಯವು, ಹೋದಲ್ಲೆಲ್ಲ ರೋಮಿಂಗ್‌ನಲ್ಲಿ ಓಡುತ್ತವೆ. ನೀವು ಒಂದು ಊರಿನಲ್ಲಿ, ನಿಮ್ಮ ಇಂಟರ್ನೆಟ್ ಇನ್ನೊಂದು ದೇಶದಲ್ಲಿ. ಹುಡುಕಾಟದ ಪುಟ ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಬರುತ್ತದೆ. ಬ್ಯಾಂಕಿನ ಆ್ಯಪ್ ನಿಮ್ಮನ್ನೇ ಅನುಮಾನಿಸುತ್ತದೆ. ಶಾಂಘೈಗೆ ಹೋದವರಿಗೆ ಇದೇ ಅನುಕೂಲ. ಚೀನಾ ತಡೆಹಿಡಿದದ್ದರಿಂದ ಹೋಟೆಲ್ ವೈಫೈನಲ್ಲಿ ತೆರೆಯದ ಸೈಟುಗಳು ರೋಮಿಂಗ್‌ನಲ್ಲಿ ತೆರೆಯುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರ್ ಇರುವುದಿಲ್ಲ. ಒಟಿಪಿ ಬರಬೇಕಾದರೆ ಮನೆಯ ಸಿಮ್ ಆನ್ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್. ಒಂದು ಸಿಮ್‌ನ ಸಿಗ್ನಲ್ ಸೋತರೆ ಇನ್ನೊಂದಕ್ಕೆ ತಾನೇ ಹಾರುವ ಸೌಕರ್ಯ ಫೋನಿನಲ್ಲಿರುತ್ತದೆ. ಅದನ್ನೂ ಆಫ್ ಮಾಡಿ. ಆ ಸೌಕರ್ಯದಿಂದಲೂ ಬಿಲ್ ಬಂದೀತು.

ಗುಂಪಿನಲ್ಲಿ ಹೋಗುವವರು ಒಂದು ಉಪಾಯ ಮಾಡುತ್ತಾರೆ. ಒಬ್ಬರು ದೊಡ್ಡ ಪ್ಲಾನ್ ಕೊಳ್ಳುವುದು, ಉಳಿದವರು ಅವರ ಹಾಟ್‌ಸ್ಪಾಟ್ ಹಿಡಿದುಕೊಳ್ಳುವುದು. ಲೆಕ್ಕದಲ್ಲಿ ಉಳಿತಾಯ. ನಡೆಯುವುದು ಬೇರೆ. ತಾಯಿಕೋಳಿಯ ಹಿಂದೆ ಮರಿಗಳಂತೆ ಇಡೀ ಗುಂಪು ಆ ಒಬ್ಬರ ಹಿಂದೆ. ಅವರು ಅಂಗಡಿಗೆ ನುಗ್ಗಿದರೆ ಎಲ್ಲರೂ ಅಂಗಡಿಗೆ. ಅವರು ಶೌಚಾಲಯಕ್ಕೆ ಹೋದರೆ ಬಾಗಿಲ ಹೊರಗೆ ಎಲ್ಲರೂ ಫೋನ್ ಹಿಡಿದು ನಿಂತಿರುತ್ತಾರೆ. ಮುನಿಸಿಕೊಂಡು ಒಬ್ಬರೇ ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಪುಣ್ಯಾತ್ಮರ ಬ್ಯಾಟರಿ ಮುಗಿಯುತ್ತದೆ, ಎಲ್ಲರ ಇಂಟರ್ನೆಟ್ಟೂ ಒಟ್ಟಿಗೇ ಹೋಗುತ್ತದೆ. ತಲೆಗೊಂದು ಚಿಕ್ಕ ಪ್ಲಾನ್ ಇದ್ದರೆ ಜಗಳವೂ ಆರಾಮಾಗಿ ಆಡಬಹುದು.

ಚಿಕ್ಕದನ್ನೇ ಕೊಂಡು, ಬೇಕಾದರೆ ಟಾಪ್‌ಅಪ್ ಮಾಡುವುದು ನನ್ನ ಪದ್ಧತಿ. ಟಾಪ್‌ಅಪ್ ಸಿಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳುತ್ತೇನೆ. ಎರಡು ನೆಟ್‌ವರ್ಕ್ ಹಿಡಿಯುವ ಪ್ಲಾನ್ ಸಿಕ್ಕರೆ, ಒಂದು ಜಿಬಿ ಕಡಿಮೆಯಾದರೂ ಅದೇ ಇರಲಿ. ದೊಡ್ಡದನ್ನು ಕೊಂಡವರ ಪಾಡು ವಾಪಸ್ ಹೊರಡುವ ದಿನ ನೋಡಬೇಕು. 11 ಜಿಬಿ ಹಾಗೇ ಉಳಿದಿರುತ್ತದೆ. ವಿಮಾನ ಹತ್ತಿದರೆ ಅದು ಹೋದ ಹಾಗೇ. ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ವೈಫೈ ಇರುತ್ತದೆ. ಅದನ್ನು ಆಫ್ ಮಾಡಿ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತು, ಬೇಡದ ವಿಡಿಯೋಗಳನ್ನು ಹೈ ಕ್ವಾಲಿಟಿಯಲ್ಲಿ ನೋಡುತ್ತಿರುತ್ತಾರೆ. ಬೋರ್ಡಿಂಗ್ ಕರೆದರೂ ಏಳುವುದಿಲ್ಲ, ಇನ್ನೂ 9 ಜಿಬಿ ಇದೆಯಲ್ಲ.