ಆಗಸ್ಟ್ 15ರಿಂದ ನವೆಂಬರ್ 1ಕ್ಕೆ 78 ದಿನ

ಮೇ ತಿಂಗಳ ಒಂದು ಮಧ್ಯಾಹ್ನ ಒಂದೇ ಸಂದೇಶ ಊರಿನ ಐದು ವಾಟ್ಸ್‌ಆ್ಯಪ್ ಗುಂಪುಗಳಿಂದ ಕೇರಳದ ಕಲ್ಲಿಕೋಟೆಯಲ್ಲಿರುವ ನನಗೆ ಬಂದು ಮುಟ್ಟಿತು. ಬಳ್ಳಾರಿಯಲ್ಲಿ ಹೆರಿಗೆಗೆ ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕು, ಎಲ್ಲರಿಗೂ ಶೇರ್ ಮಾಡಿ. ದಿನಾಂಕ ಇಲ್ಲ, ಎಷ್ಟು ಯೂನಿಟ್ ಅಂತ ಇಲ್ಲ, ಕೊಟ್ಟ ನಂಬರು ಸ್ವಿಚ್ ಆಫ್. ಸಿಂಧನೂರಿನ ಗುಂಪಿನಿಂದ ಗಂಗಾವತಿಗೆ, ಅಲ್ಲಿಂದ ಸಿರುಗುಪ್ಪಕ್ಕೆ ಅದು ಇನ್ನೂ ಎರಡು ದಿನ ಸುತ್ತಿತು. ಆ ತಾಯಿಗೆ ರಕ್ತ ಸಿಕ್ಕಿತೋ ಇಲ್ಲವೋ, ಯಾರೂ ಬರೆಯಲಿಲ್ಲ.

ಅದೇ ವಾರ ಇಲ್ಲಿಯ ಒಂದು ವಾಯನಶಾಲೆಯ, ಅಂದರೆ ಊರಿನ ಓದುಮನೆಯ, ಗೋಡೆಯ ಮೇಲೆ ಕಂಡ ಹಾಳೆಯೇ ಈ ಬರಹಕ್ಕೆ ಕಾರಣ. ಸುತ್ತಲಿನ ಕ್ಲಬ್ಬುಗಳು ವರ್ಷದ ರಕ್ತದಾನ ಶಿಬಿರಗಳನ್ನು ತಿಂಗಳಿಗೊಂದರಂತೆ ಹಂಚಿಕೊಂಡಿದ್ದವು. ಫುಟ್ಬಾಲ್ ಆಡುವವರಿಗೆ ಒಂದು ತಿಂಗಳು, ನಾಟಕದವರಿಗೆ ಒಂದು, ಓದುವವರಿಗೆ ಒಂದು. ಯಾರ ಫೋಟೋವೂ ಇರಲಿಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಯುವಕ ಸಂಘಗಳಿಗೆ ಬರ ಇಲ್ಲ. ಯುವಕ ಮಂಡಳಿ, ಯುವತಿ ಮಂಡಳಿ, ಅಭಿಮಾನಿ ಸಂಘ, ಅಂಬೇಡ್ಕರ್ ಯುವಕ ಸಂಘ, ಕಬಡ್ಡಿ ತಂಡ, ತಾಂಡಾದ ಹುಡುಗರ ಸಂಘ, ಎಲ್ಲ ಇವೆ. ರಕ್ತದಾನ ಶಿಬಿರ ಇವರೆಲ್ಲರಿಗೂ ಸಮಾನ ಆಸಕ್ತಿಯ ಕೆಲಸ. ಆದರೆ ಎಲ್ಲರೂ ಅದನ್ನು ಮಾಡುವುದು ಅದೇ ನಾಲ್ಕಾರು ಹಬ್ಬದ ದಿನ.

ಲೆಕ್ಕ ಹಾಕಿ ನೋಡಿ. ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ 90 ದಿನ ಆಗಿರಬೇಕು, ಹೆಂಗಸಾದರೆ 120 ದಿನ. ಆಗಸ್ಟ್ 15ರಿಂದ ನವೆಂಬರ್ 1ಕ್ಕೆ 78 ದಿನ. ಸ್ವಾತಂತ್ರ್ಯ ದಿನ ಕೊಟ್ಟ ಹುಡುಗ ರಾಜ್ಯೋತ್ಸವಕ್ಕೆ ಬಂದರೆ ವಾಪಸ್ ಕಳಿಸಬೇಕು. ನವೆಂಬರ್ 1ರಿಂದ ಜನವರಿ 26ಕ್ಕೆ 86 ದಿನ, ನಾಲ್ಕೇ ದಿನ ಕಡಿಮೆ. ಸಾಲಿನಲ್ಲಿ ನಿಂತವನು ಹಿಂದಿನ ತಾರೀಖು ನೆನಪಿಲ್ಲ ಅಂತಾನೆ, ಸಂಖ್ಯೆ ಕಡಿಮೆ ಆದೀತು ಅಂತ ಸಂಘಟಕರೂ ಒತ್ತಿ ಕೇಳುವುದಿಲ್ಲ. ಹಿಮೋಗ್ಲೋಬಿನ್ 12.5ಕ್ಕಿಂತ ಕೆಳಗೆ ಬಂದು ಕೆಲವರು ಅಲ್ಲೇ ನಿಲ್ಲುತ್ತಾರೆ, ಒಮ್ಮೆ ಹಾಗೆ ಮರಳಿದವರನ್ನು ಮತ್ತೆ ಕರೆತರುವುದು ಕಷ್ಟ.

ಇನ್ನೊಂದು ಕಡೆಯ ಲೆಕ್ಕ ಇನ್ನೂ ಕೆಟ್ಟದು. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಚೀಲದ ದ್ರಾವಣ ಬೇರೆಯಾದರೆ 35 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಿಗೆ ಐದೇ ದಿನ. ಒಂದೇ ದಿನ ಮೂರು ಊರಿನಲ್ಲಿ ನೂರಾರು ಚೀಲ ತುಂಬಿಸಿದರೆ ರಾಜ್ಯೋತ್ಸವದ ರಕ್ತ ಡಿಸೆಂಬರ್ 13ಕ್ಕೆ ಮುಗಿಯಿತು, ಗಣರಾಜ್ಯೋತ್ಸವದ್ದು ಮಾರ್ಚ್ 9ಕ್ಕೆ. ಆಮೇಲೆ ರಾಯಚೂರಿನ ಬಿಸಿಲು, ಕಾಲೇಜಿಗೆ ರಜೆ, ಮದುವೆ ಸುಗ್ಗಿ. ಆ ಮೇ ತಿಂಗಳ ಸಂದೇಶ ಹುಟ್ಟುವುದು ಇಲ್ಲಿ. ರಕ್ತ ಕೊಡುವ ಮನಸ್ಸಿಗೆ ನಮ್ಮಲ್ಲಿ ಎಂದೂ ಕೊರತೆ ಇಲ್ಲ, ಒಬ್ಬರ ತಾರೀಖು ಇನ್ನೊಬ್ಬರಿಗೆ ಗೊತ್ತಿಲ್ಲ ಅಷ್ಟೇ.

ಕೇರಳದಲ್ಲಿ ಹೀಗೆ ಕೂತು ಹಂಚಿಕೊಳ್ಳುವ ಪದ್ಧತಿಗೆ ಬೇರು ಇದೆ. 1945ರಲ್ಲಿ ಅಂಬಲಪ್ಪುಳದಲ್ಲಿ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ 47 ಗ್ರಂಥಾಲಯಗಳನ್ನು ಒಂದು ಒಕ್ಕೂಟಕ್ಕೆ ತಂದರು. 1989ರ ಗ್ರಂಥಾಲಯ ಕಾಯ್ದೆಯಿಂದ ಅದಕ್ಕೆ ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತದ ಕೌನ್ಸಿಲ್ ಬಂತು. ತಾಲ್ಲೂಕು ಸಭೆಗೆ ಪ್ರತಿ ಗ್ರಂಥಾಲಯದ ಪ್ರತಿನಿಧಿಗಳು ಬರುತ್ತಾರೆ. ಪಕ್ಕದ ಊರಿನ ಸಂಘದವರ ಜೊತೆ ಕೂತು ಮಾತಾಡುವುದು ಅಲ್ಲಿ ಹಳೆಯ ರೂಢಿ. ನಮ್ಮಲ್ಲಿ 1972ರಿಂದ ನೆಹರು ಯುವ ಕೇಂದ್ರಗಳು ಯುವಕ ಮಂಡಳಿಗಳನ್ನು ಬೆಳೆಸಿದವು, ಈಗ ಅವು ಮೇರಾ ಯುವ ಭಾರತ್ ಹೆಸರಿಗೆ ಬಂದಿವೆ. ಆದರೆ ನಂಟು ಮೇಲಕ್ಕೇ ಹೋಗುತ್ತದೆ: ಮಂಡಳಿಯಿಂದ ಜಿಲ್ಲಾ ಕಚೇರಿಗೆ. ಗಂಗಾವತಿ ಕೊಪ್ಪಳಕ್ಕೆ ವರದಿ ಕೊಡುತ್ತದೆ, ಸಿಂಧನೂರು ರಾಯಚೂರಿಗೆ, ಸಿರುಗುಪ್ಪ ಬಳ್ಳಾರಿಗೆ. ಮೂರೂ ತುಂಗಭದ್ರೆಯ ನೀರು ಕುಡಿಯುವ, ಭತ್ತ ಬೆಳೆಯುವ ಆಸುಪಾಸಿನ ತಾಲ್ಲೂಕುಗಳು. ಸಂಘಗಳಿಗೆ ಮಾತ್ರ ಒಬ್ಬರ ಪರಿಚಯ ಒಬ್ಬರಿಗಿಲ್ಲ.

ಈ ಸಂಘಗಳ ಒಕ್ಕೂಟ ಎಂದ ಕೂಡಲೇ ನಮ್ಮವರು ನೋಂದಣಿಗೆ ಓಡುತ್ತಾರೆ. ಅದೇ ಮೊದಲ ತಪ್ಪು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು, ಆದರೆ ಆಮೇಲೆ ಪ್ರತಿ ವರ್ಷ ಸಾಮಾನ್ಯ ಸಭೆ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸುವ ಕೆಲಸ ಹೆಗಲೇರುತ್ತದೆ. ಅದಕ್ಕೂ ಮೊದಲು ಅಧ್ಯಕ್ಷ ಯಾರು ಎಂಬ ಜಗಳ, ಫ್ಲೆಕ್ಸಿನಲ್ಲಿ ಯಾರ ಮುಖ ಮೇಲೆ ಎಂಬ ಜಗಳ. ಎರಡನೇ ಸಭೆಗೆ ಅರ್ಧ ಜನ ಬರುವುದಿಲ್ಲ. ರಕ್ತದ ಕೆಲಸಕ್ಕೆ ಇದ್ಯಾವುದೂ ಬೇಡ. ಒಂದು ಹಾಳೆಯ ಒಪ್ಪಂದ, ಪ್ರತಿ ಸಂಘದಿಂದ ಇಬ್ಬರು, ಆರು ತಿಂಗಳಿಗೊಮ್ಮೆ ಬದಲಾಗುವ ಒಬ್ಬ ಸಂಚಾಲಕ. ಹಣ ಕೂಡಿಸುವುದೂ ಬೇಡ, ಅವರವರ ಶಿಬಿರದ ಹಣ್ಣು, ಬಿಸ್ಕತ್ತು, ಶಾಮಿಯಾನ ಅವರವರದೇ.

ಎರಡು ಹುಣ್ಣಿಮೆಗೊಮ್ಮೆ ಸೇರಿ ದಿನಾಂಕ ಹಂಚಿಕೊಂಡರೆ ಆಯಿತು. ದಿನಾಂಕ ಗೊತ್ತು ಮಾಡುವ ಮೊದಲು ರಕ್ತ ಕೇಂದ್ರದವರನ್ನು ಕೇಳಬೇಕು, ಲೈಸೆನ್ಸ್ ಇರುವ ಕೇಂದ್ರವೇ ಶಿಬಿರ ಮಾಡಬೇಕು, ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಅವರಿಗೇ ಗೊತ್ತು. ಮುನ್ನೂರು ಜನರ ಒಂದು ಶಿಬಿರಕ್ಕಿಂತ ನಲವತ್ತೈವತ್ತು ಜನರ ಆರು ಶಿಬಿರ ಮೇಲು. ಪ್ಲೇಟ್‌ಲೆಟ್ ತೆಗೆಯಬೇಕೆಂದರೆ ತೆಗೆದ ರಕ್ತ ಕೆಲವೇ ಗಂಟೆಗಳಲ್ಲಿ ಬೇರ್ಪಡಿಸುವ ಕೇಂದ್ರಕ್ಕೆ ಮುಟ್ಟಬೇಕು, ಆದ್ದರಿಂದ ದೂರದ ಊರಿನ ಶಿಬಿರ ಬೆಳಿಗ್ಗೆಯೇ ಮುಗಿಯಲಿ. ಡೆಂಗಿ ಏಳುವ ಮಳೆಗಾಲದಲ್ಲಿ ಇದು ಮುಖ್ಯ.

ದಾನಿಗಳ ಪಟ್ಟಿಯಲ್ಲಿ ಹೆಸರು, ರಕ್ತದ ಗುಂಪು, ತಾಲ್ಲೂಕು, ಕೊನೆಯ ಸಲ ಕೊಟ್ಟ ತಾರೀಖು ಇರಲಿ. ಫೋನ್ ನಂಬರು ಪ್ರತಿ ಸಂಘದ ಒಬ್ಬನ ಹತ್ತಿರ ಮಾತ್ರ ಇರಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ದಲ್ಲಾಳಿಗಳ ಕೈ ಸೇರುತ್ತದೆ. ದುಡ್ಡಿಗೆ ರಕ್ತ ಮಾರುವುದು 1998ರ ಜನವರಿಯಿಂದ ದೇಶದಲ್ಲಿ ನಿಷಿದ್ಧ, ಆದರೂ ಕಷ್ಟದಲ್ಲಿದ್ದವರನ್ನು ಹುಡುಕುವವರು ಇದ್ದೇ ಇರುತ್ತಾರೆ. ತುರ್ತು ಸಂದೇಶದಲ್ಲಿ ಆಸ್ಪತ್ರೆ, ರಕ್ತದ ಗುಂಪು, ರಕ್ತವೋ ಪ್ಲೇಟ್‌ಲೆಟ್ಟೋ, ಎಷ್ಟು ಯೂನಿಟ್, ಯಾವ ದಿನ ಎಷ್ಟು ಗಂಟೆಯೊಳಗೆ, ಜೊತೆಗಿರುವವರ ನಂಬರು, ಇಷ್ಟು ಇರಲೇಬೇಕು. ಸಿಕ್ಕ ಮೇಲೆ ಅದೇ ಎಳೆಯಲ್ಲಿ "ಸಿಕ್ಕಿತು" ಎಂದು ಬರೆಯಬೇಕು. ಈ ಒಂದು ಪದ ಇಲ್ಲದ್ದಕ್ಕೆ ಎಷ್ಟು ಹುಡುಗರು ಕೆಲಸ ಬಿಟ್ಟು ಬಸ್ ಹತ್ತಿ ಹೋಗಿ ಸುಮ್ಮನೆ ತಿರುಗಿ ಬಂದಿದ್ದಾರೋ.

ಕೇರಳವನ್ನು ಪೂರಾ ಹೊಗಳುವಂತೆಯೂ ಇಲ್ಲ. ಇಲ್ಲಿಯ ಕ್ಲಬ್ಬುಗಳಿಗೆ ಪಕ್ಷದ ಬಣ್ಣ ಇದ್ದೇ ಇದೆ, ಗ್ರಂಥಾಲಯ ಕೌನ್ಸಿಲಿನ ಚುನಾವಣೆಗೂ ಅದು ಇಳಿಯುತ್ತದೆ. ಒಂದು ಬಣ್ಣದವರು ಕರೆದರೆ ಇನ್ನೊಂದು ಬಣ್ಣದವರು ಬರದ ಊರುಗಳೂ ಇವೆ.

ನಮ್ಮ ಹಬ್ಬಗಳ ದಿನಾಂಕಗಳೂ ಪೂರ್ತಿ ತಪ್ಪಲ್ಲ, ಇದನ್ನು ಒಪ್ಪಬೇಕು. ಪುನೀತ್ ಹುಟ್ಟಿದ ದಿನ ಮಾರ್ಚ್ 17. ಆ ದಿನ ಅಭಿಮಾನಿ ಸಂಘಗಳು ಕೂಡಿಸಿದ ರಕ್ತ ಏಪ್ರಿಲ್ 28ರವರೆಗೆ ಇರುತ್ತದೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ರಕ್ತ ಮೇ 26ರವರೆಗೆ. ಬಿಸಿಲಿನ ಎರಡು ತಿಂಗಳನ್ನು ದಾಟಿಸುವ ಸೇತುವೆ ಈಗಾಗಲೇ ಇದೆ. ಎರಡರ ನಡುವೆ 28 ದಿನ ಮಾತ್ರ, ಆದ್ದರಿಂದ ದಾನಿಗಳು ಬೇರೆ ಬೇರೆ ಇರಬೇಕು. ಅಭಿಮಾನಿ ಸಂಘದವರೂ ಅಂಬೇಡ್ಕರ್ ಯುವಕ ಸಂಘದವರೂ ಒಂದು ಕಟ್ಟೆಯ ಮೇಲೆ ಕೂತು ಪಟ್ಟಿ ಹೋಲಿಸದೆ ಅದು ಆಗುವುದಿಲ್ಲ.

ಇದು ನಮ್ಮಿಂದ ಆಗದ ಕೆಲಸ ಎಂದು ಯಾರೂ ಹೇಳಬಾರದು. ಕೊಪ್ಪಳದ ಗವಿಮಠದ ಜಾತ್ರೆಗೆ ಯಾವ ಊರಿನ ರೊಟ್ಟಿ ಯಾವಾಗ ಬಂದು ಮುಟ್ಟಬೇಕು ಎಂದು ಹಳ್ಳಿ ಹಳ್ಳಿಗೂ ಗೊತ್ತಿರುತ್ತದೆ. ಟ್ರ್ಯಾಕ್ಟರ್ ತುಂಬ ಬರುತ್ತವೆ, ದಾಸೋಹ ಒಂದು ಹೊತ್ತೂ ನಿಲ್ಲುವುದಿಲ್ಲ. ಜನವರಿಯಲ್ಲಿ ಆ ಜಾತ್ರೆಗೆ ನಮ್ಮ ಸಂಘಗಳವರು ಕೊಪ್ಪಳದಲ್ಲೇ ಇರುತ್ತಾರೆ. ಮಾರ್ಚ್, ಏಪ್ರಿಲ್, ಮೇ ತಿಂಗಳ ಮೂರು ಭಾನುವಾರಗಳನ್ನು ಅಲ್ಲೇ ಗೊತ್ತು ಮಾಡಿಕೊಂಡು ಊರಿಗೆ ಮರಳಬಹುದು.