ದಪ್ಪ ಆಯಿಲ್ ಹಾಕಿದರೆ ಎಂಜಿನ್ ಸದ್ದು ವಾಸಿಯಾಗುತ್ತದೆಯೇ?

ಹಳೆಯ ಬೈಕಿನ ಎಂಜಿನ್ ಟಕಟಕ ಅಂದರೆ ದಪ್ಪ ಆಯಿಲ್ ಹಾಕಿ, ರಿಪೇರಿಯೇ ಬೇಡ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ತಪ್ಪು. ಸದ್ದು ಕೆಲವೊಮ್ಮೆ ತಗ್ಗುವುದು ನಿಜ, ಜನ ನಂಬುವುದೂ ಅದಕ್ಕೇ. ಆದರೆ ಒಳಗಿನ ಸವೆತ ಅಲ್ಲೇ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅಂಥ ಆಯಿಲ್ ಮೇಲಿನ ಕ್ಯಾಮ್, ರಾಕರ್‌ಗಳನ್ನು (ವಾಲ್ವ್ ತೆರೆಯುವ ಭಾಗಗಳು) ತಲುಪುವುದೂ ತಡ.

ನೀವೇ ಪರೀಕ್ಷಿಸಬಹುದು. ಮೊದಲು ಆಯಿಲ್ ಮಟ್ಟ ನೋಡಿ, ಗ್ರೇಡನ್ನು (ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗುರುತು) ಬೈಕಿನ ಕೈಪಿಡಿಯೊಂದಿಗೆ ಹೋಲಿಸಿ. ಆಮೇಲೆ ಕಿವಿಗೊಡಿ. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಅನುಮಾನ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆಗೆ. ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಸವೆದಿರಬಹುದು. ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನಿಂದ ಒಂದೇ ಲಯದ ಟಿಕ್ ಟಿಕ್ ಬಂದರೆ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಬಳಿ ಬಿಡುವ ಸಣ್ಣ ಸಂದು, ಚೆಕ್ ಮಾಡಿಸಿ. ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ಅದು ಚಿಕ್ಕ ಕೆಲಸ. ಕೆಳಗಿನಿಂದ ಭಾರವಾದ ಬಡಿತ ಕೇಳಿದರೆ ಮಾತ್ರ ಗಾಡಿ ಓಡಿಸಲೇಬೇಡಿ, ಬೇರಿಂಗ್ ಹೋಗಿರಬಹುದು.