ಸತ್ಯಾಂಶ: ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಬೇಡವೇ?

ವರ್ಚುವಲ್ ಮಷೀನ್‌ಗಳಿಗೆ (ಸರ್ವರ್‌ನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ನಡೆಯುವ ಕಂಪ್ಯೂಟರ್‌ಗಳಿಗೆ) ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದ ಸ್ಥಿತಿಯ ದಾಖಲೆ, ತೆಗೆದಿಟ್ಟರೆ ಸಾಕು, ಬ್ಯಾಕಪ್‌ಗೆಂದು ಬೇರೆ ಸ್ಟೋರೇಜ್ ಬೇಕಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಇದು ಸರಿಯಲ್ಲ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಇಂಥ ಮಷೀನ್‌ಗಳನ್ನು ನಡೆಸುವ ವಿಎಂವೇರ್‌ನಂತಹ ವ್ಯವಸ್ಥೆಯು ಮೂಲ ಡಿಸ್ಕ್ ಫೈಲನ್ನು ಹಾಗೆಯೇ ಉಳಿಸಿ, ಅನಂತರದ ಬದಲಾವಣೆಗಳನ್ನಷ್ಟೇ ಇನ್ನೊಂದು ಫೈಲಿಗೆ ಬರೆಯುತ್ತ ಹೋಗುತ್ತದೆ. ಎರಡೂ ಸಾಮಾನ್ಯವಾಗಿ ಒಂದೇ ಸ್ಟೋರೇಜ್‌ನಲ್ಲಿರುವುದರಿಂದ ಅದು ಕೆಟ್ಟರೆ ಎರಡೂ ಹೋಗುತ್ತವೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದೆಂದು ವಿಎಂವೇರ್‌ನ ಮಾರ್ಗಸೂಚಿಯೇ ಹೇಳುತ್ತದೆ. ಅಪ್‌ಡೇಟ್‌ಗೆ ಮುನ್ನ ಸ್ನ್ಯಾಪ್‌ಶಾಟ್ ತೆಗೆಯುವುದು, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು, ನಿಜಕ್ಕೂ ಉಪಯುಕ್ತ. ಗೊಂದಲ ಹುಟ್ಟುವುದೂ ಬಹುಶಃ ಅಲ್ಲಿಂದಲೇ.

ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ಡೇಟಾಸ್ಟೋರ್‌ನಲ್ಲಿ (ಮಷೀನ್‌ಗಳ ಫೈಲ್‌ಗಳಿರುವ ಸ್ಟೋರೇಜ್‌ನಲ್ಲಿ) ಆ ಮಷೀನ್‌ನ ಫೋಲ್ಡರ್ ತೆರೆದರೆ ಫೈಲ್‌ಗಳು ಎಲ್ಲಿವೆ, ಎಷ್ಟು ಬೆಳೆದಿವೆ ಎಂಬುದು ಕಾಣುತ್ತದೆ. ಮೂಲ ಸ್ಟೋರೇಜನ್ನು ಮುಟ್ಟದೆ, ಬ್ಯಾಕಪ್ ಎಂದು ನಂಬಿದ ಪ್ರತಿಯಿಂದಲೇ ಬೇರೊಂದು ಸರ್ವರ್‌ನಲ್ಲಿ ಮಷೀನ್ ಆರಂಭವಾಗುತ್ತದೆಯೇ ಎಂದು ನೋಡುವುದು ಇನ್ನೂ ಖಚಿತವಾದ ಪರೀಕ್ಷೆ.

ಬ್ಯಾಕಪ್‌ಗೆ ವಿಪರೀತ ಜಾಗ ಬೇಕೆಂಬ ಭಯವೂ ಲೆಕ್ಕ ಹಾಕಿದರೆ ತಗ್ಗುತ್ತದೆ. 500 ಜಿಬಿ ದತ್ತಾಂಶದಲ್ಲಿ ದಿನಕ್ಕೆ ಶೇ. 5ರಷ್ಟು ಬದಲಾಗುತ್ತದೆ ಎಂದುಕೊಂಡರೆ, ಒಂದು ಪೂರ್ಣ ಪ್ರತಿ ಹಾಗೂ 29 ದಿನಗಳ ಬದಲಾವಣೆಯ ಪ್ರತಿಗಳಿಗೆ, ಕಂಪ್ರೆಷನ್‌ಗೆ (ಗಾತ್ರ ಕುಗ್ಗಿಸುವುದಕ್ಕೆ) ಮೊದಲೇ, ಸುಮಾರು 1,225 ಜಿಬಿ ಸಾಕು. ಈ 30 ದಿನಗಳಲ್ಲಿ ಪ್ರತಿದಿನವೂ ಪೂರ್ಣ ಪ್ರತಿ ಇಟ್ಟರೆ ಮಾತ್ರ 15,000 ಜಿಬಿ ಬೇಕಾಗುತ್ತದೆ.